ಕಲಬುರಗಿಯಲ್ಲಿ ಚಳಿಗಾಲ ಪೂರ್ತಿ ನಡೆದೇ ಓಡಾಡಬಹುದಾ? ಅನುಭವ ಇದ್ದವರು ಹೇಳಿ

ಪ್ರಶ್ನೆ: ಮಂಡ್ಯದಿಂದ ವರ್ಗವಾಗಿ ಬಂದಿದ್ದೇನೆ. ಮನೆ ಸ್ಟೇಷನ್ ಹತ್ತಿರ, ಆಫೀಸು ಸೂಪರ್ ಮಾರ್ಕೆಟ್ ಕಡೆ. ಗಾಡಿ ಇಲ್ಲ. ಬೂಟು ಬೇಕಾ, ಚಪ್ಪಲಿ ಸಾಕಾ? ಸ್ವೆಟರ್ ತಗೊಳ್ಳಲಾ?

ಸ್ಟೇಷನ್ ಬಜಾರ್: ನೋಡ್ರೀ, ಇಲ್ಲಿ ಥಂಡಿ ಬೆಳಿಗ್ಗೆ ಅಷ್ಟೇ. ನಾನು 850 ಕೊಟ್ಟು ದಪ್ಪ ಸ್ವೆಟರ್ ತಗೊಂಡೆ. ಪಟೇಲ್ ಚೌಕ್ ದಾಟುವಷ್ಟರಲ್ಲಿ ಬೆವರು, ಆಮೇಲೆ ಸಂಜೆವರೆಗೂ ಅದನ್ನು ಕೈಯಲ್ಲಿ ಹೊತ್ತು ತಿರುಗಬೇಕು. ಬೂಟಿನದು ಇನ್ನೊಂದು ಕಥೆ. 1,400 ರೂಪಾಯಿಯದ್ದು. ಒಂದು ಕಡೆ ಫುಟ್‌ಪಾತಿನ ಫರ್ಸಿ ಕಲ್ಲು ಎದ್ದು ನಿಂತಿತ್ತು, ಅದರ ಅಂಚಿಗೆ ತಾಗಿ ಬಲಗಾಲಿನ ಬೂಟಿನ ಅಟ್ಟೆ ಮುಂದಿನಿಂದ ಬಾಯಿ ಬಿಟ್ಟಿತು. ಅಂಗಡಿಯವನು ವಾಪಸ್ ತಗೊಳ್ಳಲಿಲ್ಲ. ಹೊಲಿಗೆಗೆ 120, ವಾರದಲ್ಲಿ ಮತ್ತೆ ಬಿಟ್ಟಿತು, ಅಂಟು ಹಾಕಿಸಲು 80. ಆದರೂ ಬೂಟೇ ಹಾಕಿ, ಧೂಳಿಗೆ ಅದೇ ಸರಿ.

ಶಹಾಬಜಾರ್ ಅಕ್ಕ: ಬೂಟಿನೊಳಗೆ ಕಾಲು ಬೆಂದು ಹೋಗುತ್ತದೆ ರೀ, ಮಧ್ಯಾಹ್ನದ ಬಿಸಿಲು ಡಿಸೆಂಬರಿನಲ್ಲೂ ಬಿಸಿಲೇ. ನಾನು ಚಪ್ಪಲಿಯಲ್ಲೇ ನಡೆಯುತ್ತೇನೆ. ಒಣ ಗಾಳಿಗೆ ಹಿಮ್ಮಡಿ ಒಡೆಯುತ್ತದೆ, ಹೌದು. ಹೋದ ವರ್ಷ ಬಿರುಕಿನೊಳಗೆ ಧೂಳು ಸೇರಿ ಕೀವಾಯಿತು. ಡಾಕ್ಟರ್ ಫೀ 300, ಮುಲಾಮು 165, ಮಾತ್ರೆ ಬೇರೆ. ಈಗ ರಾತ್ರಿ ಬಿಸಿನೀರಲ್ಲಿ ಕಾಲು ತೊಳೆದು, ಕೊಬ್ಬರಿ ಎಣ್ಣೆ ಹಚ್ಚಿ, ಕಾಲುಚೀಲ ಹಾಕಿ ಮಲಗುತ್ತೇನೆ. ನಿಜವಾದ ಕಷ್ಟ ಕಾಲಿಗಲ್ಲ, ಕಾಲಿಡುವ ಜಾಗಕ್ಕೆ. ಸೂಪರ್ ಮಾರ್ಕೆಟ್‌ನಲ್ಲಿ ಫುಟ್‌ಪಾತ್ ತುಂಬಾ ಬಂಡಿಗಳು. ಆ ಬಂಡಿಯವರನ್ನು ಮೊದಲು ಎಬ್ಬಿಸಬೇಕು.

ಬಂಡಿಯವರ ಮಗ: ಅಕ್ಕಾ, ಸುಮ್ನೆ ಬಂಡಿಯವರ ಮೇಲೆ ಹಾಕಬೇಡಿ. ನಮ್ಮಪ್ಪ ಅಲ್ಲೇ ಪೇರಲ, ಬಾರೆಹಣ್ಣು ಮಾರುತ್ತಾರೆ. ನಸುಕಿನಲ್ಲಿ ಶಾಲು ಹೊದ್ದು ಬಂಡಿ ತಳ್ಳಿಕೊಂಡು ಬರುತ್ತಾರೆ, ಅವರೂ ನಡೆಯುವವರೇ ಅಲ್ವಾ? ಅಂಗಡಿ ಮುಂದೆ ಸಾಲಾಗಿ ಬೈಕ್ ನಿಲ್ಲಿಸುವವರನ್ನು ಯಾಕೆ ಯಾರೂ ಕೇಳುವುದಿಲ್ಲ?

ಶಹಾಬಜಾರ್ ಅಕ್ಕ: ಬೈಕಿನವರನ್ನೂ ಕೇಳುತ್ತೇನೆ. ರಸ್ತೆಗಿಳಿದು ನಡೆದಾಗ ಟಂಟಂ ಆಟೋದ ಕನ್ನಡಿ ನನ್ನ ಮೊಣಕೈಗೆ ಬಡಿದಿದೆ, ನಿಮಗಲ್ಲ.

ಬೀದರ್: ಕಲಬುರಗಿಯದು ಥಂಡಿನೇ ಅಲ್ಲ ರೀ. ನಮ್ಮ ಊರು ಸುಮಾರು 2,200 ಅಡಿ ಎತ್ತರದಲ್ಲಿದೆ. ಬೆಳಿಗ್ಗೆ ಕೋಟೆ ಕಡೆ ಹೊರಟರೆ ಕಿವಿ ಮರಗಟ್ಟುತ್ತದೆ. ಮಫ್ಲರ್, ಟೋಪಿ, ಸ್ವೆಟರ್ ಮೂರೂ ಬೇಕು. ಆದರೆ ಗಾಳಿ ಚೊಕ್ಕ, ನಿಮ್ಮಲ್ಲಿಯ ಹಾಗೆ ಧೂಳು ತಿನ್ನುವುದಿಲ್ಲ.

ಸ್ಟೇಷನ್ ಬಜಾರ್: ಅವರು ಕೇಳಿದ್ದು ಕಲಬುರಗಿ. ಬೀದರ್ ಯಾರು ಕೇಳಿದರು?

ಗಂಜ್ ಹಮಾಲರ ಮನೆಯವನು: ಧೂಳು ಅಂದಿರಿ ಅಂತ ಹೇಳುತ್ತೇನೆ. ತೊಗರಿ ಬರಲು ಶುರುವಾದರೆ ನೆಹರು ಗಂಜ್ ಧಾನ್ಯ ಮಾರುಕಟ್ಟೆ ಕಡೆ ಲಾರಿ, ಟ್ರ್ಯಾಕ್ಟರ್ ಸಾಲು. ಹೊಟ್ಟು ಮೂಗಿಗೆ ಹೋಗಿ ನನಗೆ ಎಳ್ಳಮಾವಾಸ್ಯೆಯಿಂದ ಸಂಕ್ರಾಂತಿವರೆಗೂ ಕೆಮ್ಮು. ಹತ್ತಿ ಟವೆಲ್ ಒದ್ದೆ ಮಾಡಿ ಮೂಗಿಗೆ ಕಟ್ಟಿಕೊಳ್ಳುವುದೊಂದೇ ನನಗೆ ಉಪಯೋಗವಾಗಿದ್ದು. ಆದರೆ ತೊಗರಿಯನ್ನು ಬೈಯಬೇಡಿ, 2019ರಲ್ಲಿ ಜಿಐ ಟ್ಯಾಗ್ (ಈ ಊರಿನದೇ ವಿಶೇಷ ಎಂಬ ಸರ್ಕಾರಿ ಗುರುತು) ಸಿಕ್ಕ ತೊಗರಿ ನಮ್ಮದು.

ಬೀದರ್: ತೊಗರಿ ಬೀದರಿನಲ್ಲೂ ಬೆಳೆಯುತ್ತದೆ ಸ್ವಾಮಿ.

ಗಂಜ್ ಹಮಾಲರ ಮನೆಯವನು: ಬೆಳೆಯಲಿ, ಬೇಡ ಅಂದವರು ಯಾರು? ಬೇಳೆ ಕುದಿಸಿ ನೋಡಿ, ಆಮೇಲೆ ಮಾತಾಡೋಣ.

ಪ್ರಶ್ನೆ ಕೇಳಿದವರು: ಹಾಗಾದರೆ ಬೂಟಾ, ಚಪ್ಪಲಿಯಾ?

ಸ್ಟೇಷನ್ ಬಜಾರ್: ಬೂಟು.

ಶಹಾಬಜಾರ್ ಅಕ್ಕ: ಚಪ್ಪಲಿ. ಜಗತ್ ಸರ್ಕಲ್ ಮೂಲಕ ಹೋಗಿ, ಎಂಟೂವರೆಯೊಳಗೆ ದಾಟಿ. ಆಮೇಲೆ ಬೈಕುಗಳು ಬಂದು ನಿಲ್ಲುತ್ತವೆ.

ಬಂಡಿಯವರ ಮಗ: ನೋಡಿದಿರಾ, ಈಗ ನೀವೇ ಬೈಕು ಅಂದಿರಿ.