ಭಟ್ಟನ ಬೋರ್ಡೋ ಪಾಂಡಿತ್ಯ

ಬಾಟಲಿ ಬಂತು, ಲೋಟಕ್ಕೆ ಬಿತ್ತು. ಭಟ್ಟ ಬಗ್ಗಿ ನೋಡಿ, "ಹಸಿರು ಎಲ್ಲೋ?" ಅಂದ.

"ವಿನ್ಯೊ ವೆರ್ದೆ ಅಂದ್ರೆ ಹಸಿರು ವೈನ್ ಅಂತ ದಾರಿಯುದ್ದಕ್ಕೂ ಕೊರೆದೆಯಲ್ಲ ಸುಧಿ, ಇದು ಎಳನೀರಿಗೆ ಚಿಟಿಕೆ ಅರಿಸಿನ ಬಿದ್ದಂಗಿದೆ."

ಸುಧಿ ಪೋರ್ಚುಗಲ್‌ನ ಪೋರ್ಟೊ ನಗರದಲ್ಲಿ ಐದು ವರ್ಷದಿಂದ ಕೋಡ್ ಬರೀತಾನೆ. ಲೋಟ ಕೈಗೆ ಬಂದ ಕೂಡಲೇ ಮೈಮೇಲೆ ಪ್ರೊಫೆಸರ್ ಬರ್ತಾನೆ. "ಹಸಿರು ಅಂದ್ರೆ ಬಣ್ಣ ಅಲ್ಲ ಕಣೋ, ಎಳೇದು ಅಂತ. ಪೋರ್ಚುಗಲ್‌ನ ವಾಯವ್ಯ ಮೂಲೆ ಇದರ ತವರು. 1908ರಲ್ಲೇ ಈ ವೈನ್ ಸೀಮೆಗೆ ಗಡಿ ಹಾಕಿದ್ದಾರೆ. ಲಿಮಾ ನದಿಯ ಈ ಕಣಿವೆಯಲ್ಲಿ ಲೊರೇರೊ ದ್ರಾಕ್ಷಿ. ಲಾರೆಲ್ ಮರದ ಹೆಸರು ಅದು, ನಮ್ಮ ಪಲಾವ್ ಎಲೆಗೆ ದೂರದ ನೆಂಟ. ಮೂಸಿ ನೋಡಿ."

"ಪಲಾವ್ ಎಲೇನ? ಹಾಗಾದ್ರೆ ಒಂದು ಬಿರಿಯಾನಿ ಹೇಳು ಮಾರಾಯ," ಅಂದ ಮಂಗಳೂರಿನ ರೋಶನ್.

ಬಿರಿಯಾನಿ ಬರಲಿಲ್ಲ, ಮರುವಾಯಿ ಬಂತು, ಅದೇ ಚಿಪ್ಪಿನ ಮೀನು. ಬೆಳ್ಳುಳ್ಳಿ, ಆಲಿವ್ ಎಣ್ಣೆ, ಬಿಳಿ ವೈನ್, ಮೇಲೆ ಕೈತುಂಬ ಕೊತ್ತಂಬರಿ ಸೊಪ್ಪು. ಬುಲ್ಯಾಂವ್ ಪಾತು ಅನ್ನೋ ಕವಿಯ ಹೆಸರನ್ನ ಈ ಅಡುಗೆಗೆ ಇಟ್ಟಿದ್ದಾರಂತೆ. (ನಮ್ಮಲ್ಲಿ ಕವಿಗಳ ಹೆಸರು ಬರೀ ರಸ್ತೆಗೆ ಹೋಗುತ್ತೆ.) ರೋಶನ್ ಚಿಪ್ಪಿನಲ್ಲೇ ರಸ ಮೊಗೆದು ಕುಡಿದ. "ತೆಂಗಿನ ತುರಿ ಒಂದಿಲ್ಲ ನೋಡು."

"ಇದಕ್ಕೆ ಲಿಸ್ಬನ್ ಪಕ್ಕದ ಬುಸೆಲಾಸ್‌ನ ಅರಿಂಟೊ ದ್ರಾಕ್ಷಿಯ ವೈನ್ ಇನ್ನೂ ಒಪ್ಪುತ್ತೆ, ನಿಂಬೆಹುಳಿ ಇರುತ್ತೆ," ಅಂದ ಸುಧಿ. " ಒಣ ಕಾಡ್ ಮೀನಿನ ಬಕಲ್ಯಾವ್‌ಗೆ ದಾಂವ್ ಸೀಮೆಯ ಎಂಕ್ರುಜಾದೊ, ಸ್ವಲ್ಪ ಮೈಕಟ್ಟು ಬೇಕಲ್ಲ. ಆಕ್ಟೋಪಸ್‌ಗಾದ್ರೆ ಸ್ಪೇನ್ ಗಡಿಯ ಮೊನ್ಸಾಂವ್, ಮೆಲ್ಗಾಸೊ ಕಡೆಯ ಅಲ್ವರಿನ್ಯೊ. ಗಡಿಯ ನದಿ ದಾಟಿ ಸ್ಪೇನ್‌ಗೆ ಹೋದ್ರೆ ಅದೇ ದ್ರಾಕ್ಷಿ ಅಲ್ಬರಿನ್ಯೊ."

"ಒಂದಕ್ಷರಕ್ಕೆ ಇಷ್ಟು ಜಗಳವಾ?"

"ಹೆಸರು ಕೇಳ್ಬೇಕು ನೀನು. ಒಂದು ದ್ರಾಕ್ಷಿ ಎಸ್ಗಾನ ಕಾಂವ್, ಅಂದ್ರೆ ನಾಯಿ ಕತ್ತು ಹಿಸುಕೋದು, ಅಷ್ಟು ಹುಳಿ. ಇನ್ನೊಂದು ಕುರಿಬಾಲ. ಬೈರಾಡ ಸೀಮೆಯ ಬಿಕಾಲ್‌ಗೆ ನೊಣದ ಹಿಕ್ಕೆ ಅಂತ ಅಡ್ಡಹೆಸರು, ಹಣ್ಣಾದಾಗ ಮೈಮೇಲೆ ಕಂದು ಚುಕ್ಕೆ ಬೀಳುತ್ತಲ್ಲ, ಅದಕ್ಕೆ."

ನಾನು ಲೋಟ ಕೆಳಗಿಟ್ಟೆ.

ಭಟ್ಟನಿಗೆ ಇದ್ಯಾವುದೂ ಕಿವಿಗೆ ಬಿದ್ದಿರಲಿಲ್ಲ. ಕುಡಿಯೋನಲ್ಲ, ಮೀನು ಮುಟ್ಟೋನಲ್ಲ. ಅವನಿಗೆ ಅಂತ ತರಿಸಿದ್ದರ ಹೆಸರು "ತೋಟದ ಪುಟ್ಟ ಮೀನುಗಳು" ಅಂತ ಕೇಳಿ ಕುರ್ಚಿ ಸಮೇತ ಹಿಂದೆ ಸರಿದಿದ್ದ. ನೋಡಿದರೆ ಹುರುಳಿಕಾಯಿ ಬಜ್ಜಿ. ಈಗ ಅದನ್ನ ಮೆಲ್ಲುತ್ತಾ ತಲೆ ಮೇಲಿನ ಚಪ್ಪರ ನೋಡ್ತಿದ್ದ. ಗ್ರಾನೈಟ್ ಕಂಬ, ಮೇಲೆ ತಂತಿ, ತಂತಿ ತುಂಬ ಬಳ್ಳಿ.

"ಹಿಂದೆಲ್ಲ ಮರಕ್ಕೇ ಹಬ್ಬಿಸ್ತಿದ್ರು," ಅಂದ ಸುಧಿ. "ಇರೋ ತುಂಡು ಜಮೀನಲ್ಲಿ ಕೆಳಗೆ ಮೆಕ್ಕೆಜೋಳ, ಕೋಸು ಆಗ್ಬೇಕಲ್ಲ."

"ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಬಿಟ್ಟ ಹಾಗೆ!" ಸಿರ್ಸಿಯ ಭಟ್ಟ ನೆಟ್ಟಗಾದ. "ಮಳೆ ಎಷ್ಟು?"

"ವರ್ಷಕ್ಕೆ 1,500 ಮಿಲಿಮೀಟರ್ ಹತ್ತಿರ. ಅಟ್ಲಾಂಟಿಕ್ ಮೋಡ."

"ಹಾಗಿದ್ರೆ ಕೊಳೆರೋಗ ಬರ್ಲೇಬೇಕು!"

ಎದ್ದು ಹೋಗಿ ಕಂಬ ಮುಟ್ಟಿದ. ಕಲ್ಲಿನ ಮೇಲೆ ನೀಲಿ-ಹಸಿರು ಸಿಡಿದ ಕಲೆ, ಒಣಗಿ ಪುಡಿ ಕಟ್ಟಿತ್ತು. ಉಗುರಲ್ಲಿ ಕೆರೆದು ಬೆಳಕಿಗೆ ಹಿಡಿದ. "ಮೈಲುತುತ್ತ, ಸುಣ್ಣ. ಕೊಳೆರೋಗದ ಮದ್ದು, ಬೋರ್ಡೋ!"

ತಟ್ಟೆ ಎತ್ತಿಕೊಂಡು ಹೋಗ್ತಿದ್ದ ಯಜಮಾನ ಮುದುಕ ಗಕ್ಕನೆ ನಿಂತ. "ಬೊರ್ದಲೇಜಾ?"

"ಬೋರ್ಡೋ, ಬೋರ್ಡೋ!"

ಇಬ್ಬರೂ ಶುರು ಹಚ್ಚಿಕೊಂಡರು. ಭಟ್ಟ ದೋಟಿ ಹಿಡಿದು ಅಡಿಕೆಗೊನೆಗೆ ಮದ್ದು ಹೊಡೆಯೋದನ್ನ ಅಭಿನಯಿಸಿದ, ಮುದುಕ ಬೆನ್ನಿಗೆ ಪಂಪು ಹೊತ್ತಂತೆ ಬಾಗಿದ. ಫ್ರಾನ್ಸಿನಲ್ಲಿ ದ್ರಾಕ್ಷಿಗೆ ಅಂತ ಕಂಡುಹಿಡಿದ ಮದ್ದು ಸಿರ್ಸಿಯ ಅಡಿಕೆಗೂ ಆಗಿಬಂದದ್ದಕ್ಕೆ, ಒಂದು ಪದ ಪೋರ್ಚುಗೀಸ್ ಬಾರದೆ ಹತ್ತು ನಿಮಿಷ ಮಾತು ನಡೀತು. ಐದು ವರ್ಷ ಭಾಷೆ ಕಲಿತ ಸುಧಿಯನ್ನ ಯಾರೂ ಕರೀಲಿಲ್ಲ.

ಕೊನೆಗೆ ಮುದುಕ ಒಳಗಿಂದ ಲೇಬಲ್ಲಿಲ್ಲದ ಬಾಟಲಿ ತಂದು ಭಟ್ಟನಿಗೇ ಒಂದು ಲೋಟ ಬಗ್ಗಿಸಿದ, ದುಡ್ಡು ಬೇಡವಂತೆ. ಭಟ್ಟ ಮೂಸಿದ. "ಹುಳಿ ಚುರುಕಾಗಿದೆ. ಮೀನಿಗೆ ನಿಂಬೆಹಣ್ಣು ಹಿಂಡೋ ಬದಲು ಇದನ್ನ ಕುಡೀತೀರಿ. ಅಷ್ಟೇ ತಾನೆ?"

ಒಂದು ಗಂಟೆ ಪಾಠ ಮಾಡಿದ ಸುಧಿಯ ಮುಖ ಸಣ್ಣದಾಯ್ತು. ರೋಶನ್ ಸದ್ದಿಲ್ಲದೆ ಆ ಲೋಟವನ್ನ ತನ್ನ ಕಡೆ ಎಳೆದುಕೊಂಡ.

"ಆ ಬಜ್ಜಿ ಚೆನ್ನಾಗಿತ್ತು ಕಣೋ, ಇನ್ನೊಂದು ಪ್ಲೇಟ್ ಹೇಳು," ಅಂದ ಭಟ್ಟ.

ಬಜ್ಜಿ ಹಿಟ್ಟಿಗೆ ಮೊಟ್ಟೆ ಕಲಸ್ತಾರೆ ಅನ್ನೋಕೆ ಸುಧಿ ಬಾಯಿ ತೆರೆದ. ಖಾಲಿ ಪ್ಲೇಟ್ ನೋಡಿದ. ಅವತ್ತು ಸಂಜೆ ಮೊದಲನೇ ಸಲ ಸುಮ್ಮನಾದ.