ಅಪ್‌ಡೇಟ್: 'ಟಿಪ್ಪಿಂಗ್ ಪಾಯಿಂಟ್' ಓದಿ ಮುಗಿಸಿದೆವು

ಧಾರವಾಡದ ನಮ್ಮ ಓದುಗರ ಬಳಗಕ್ಕೆ ಮಾಲ್ಕಮ್ ಗ್ಲ್ಯಾಡ್‌ವೆಲ್ ಅವರ 'ದಿ ಟಿಪ್ಪಿಂಗ್ ಪಾಯಿಂಟ್' ತಗೋಬಹುದಾ ಅಂತ ಕೇಳಿದ್ದೆ. ಕೆಲವರು ಓದಲೇಬೇಕು ಅಂದ್ರಿ, ಕೆಲವರು ಸುಮ್ನೆ ಕತೆ ಕಟ್ಟಿದ್ದಾರೆ ಅಂದ್ರಿ. ಓದಿದೆವು, ಭಾನುವಾರ ಚರ್ಚೆಯೂ ಆಯ್ತು.

2000ದಲ್ಲಿ ಬಂದ ಪುಸ್ತಕ. ಬದಲಾವಣೆ ಸಾಂಕ್ರಾಮಿಕ ರೋಗದ ಹಾಗೆ ಹರಡುತ್ತದೆ, ಅದಕ್ಕೆ ಸರಿಯಾದ ಕೆಲವೇ ಜನ ಸಾಕು ಅನ್ನೋದು ಅವರ ವಾದ. ಚೆನ್ನಾಗಿ ಓದಿಸಿಕೊಂಡು ಹೋಗುತ್ತದೆ, ಎರಡು ಮಾತಿಲ್ಲ. ಜಗಳ ಶುರುವಾಗಿದ್ದು ನ್ಯೂಯಾರ್ಕ್ ಭಾಗದಲ್ಲಿ. 90ರ ದಶಕದಲ್ಲಿ ಅಲ್ಲಿ ಅಪರಾಧ ಇಳಿಯಲು ರೈಲುಗಳ ಮೇಲಿನ ಗೀಚುಬರಹ ಅಳಿಸಿದ್ದು, ಟಿಕೆಟ್ ಇಲ್ಲದೆ ನುಗ್ಗುವವರನ್ನು ಹಿಡಿದಿದ್ದು ದೊಡ್ಡ ಕಾರಣ, ಸಣ್ಣ ತಪ್ಪು ತಡೆದರೆ ದೊಡ್ಡ ಅಪರಾಧವೂ ಇಳಿಯುತ್ತದೆ ಅಂತ ಬರೆದಿದ್ದಾರೆ. ಆದರೆ ಅಂಥ ಬಿಗಿ ಇಲ್ಲದ ಸ್ಯಾನ್ ಡಿಯಾಗೋದಲ್ಲೂ ಆಗ ಅಪರಾಧ ಇಳಿದಿತ್ತು, ಅಲ್ವಾ? ಈ ಭಾಗದ ಬಗ್ಗೆ ಗ್ಲ್ಯಾಡ್‌ವೆಲ್ ಅವರೇ ಆಮೇಲೆ ಅಭಿಪ್ರಾಯ ಬದಲಿಸಿದ್ದಾರೆ, ಅದು ನನಗೆ ಜಾಸ್ತಿ ಇಷ್ಟವಾಯ್ತು.

ನಮ್ಮಲ್ಲಿ ಒಬ್ಬ ರಿಟೈರ್ಡ್ ಮಾಸ್ತರು, ಶಾಲೆಗಳಲ್ಲಿ ಕನ್ನಡಕ್ಕೆ ಮೊದಲ ಸ್ಥಾನ ಕೇಳಿ ನಡೆದ ಗೋಕಾಕ್ ಚಳವಳಿಯ ಮಾತು ತೆಗೆದರು. "1982ರಾಗ ಧಾರವಾಡದ ಸಾಹಿತಿಗಳು ಕಿಡಿ ಹಚ್ಚಿದ್ರು, ರಾಜ್‌ಕುಮಾರ್ ಬಂದ ಮ್ಯಾಲೆ ಇಡೀ ರಾಜ್ಯ ಎದ್ದು ನಿಂತ್ತು. ಇವ ಹೇಳೋದು ಖರೇನ ಐತಲ್ಲ?"

ಪಕ್ಕದಲ್ಲಿದ್ದ ಅಕ್ಕ ಬಿಡಲಿಲ್ಲ. "ಅದಕ್ಕೂ ಮೊದಲು ಬಿಸಿಲಾಗ ಧರಣಿ ಕುಂತವರ ಲೆಕ್ಕ ಯಾರು ಇಡೋರು ಸರ್?"

ನಾನು ಅಕ್ಕನ ಕಡೆ. ಕೊನೆಗೆ ಬಂದು ನೂಕಿದವರನ್ನು ಈ ಪುಸ್ತಕ ಚೆನ್ನಾಗಿ ತೋರಿಸುತ್ತದೆ, ಮೊದಲಿಂದ ಹೆಗಲು ಕೊಟ್ಟವರನ್ನು ಅಷ್ಟು ತೋರಿಸೋದಿಲ್ಲ. ಆದರೂ ತಗೋಳಿ, ಗುಂಪಿನಲ್ಲಿ ಓದಿ.

ಆ ಚಳವಳಿಯಲ್ಲಿ ಓಡಾಡಿದವರು ಹುಬ್ಬಳ್ಳಿ, ಗದಗ ಕಡೆ ಯಾರಾದ್ರೂ ಇದ್ದರೆ ತಿಳಿಸಿ. ಮುಂದಿನ ಸಲ ಅವರನ್ನೇ ಕರೆಸಬೇಕು ಅಂತಿದ್ದೇವೆ.