ಎರಡು ಕಾಲದ ಕಾದಂಬರಿಯಲ್ಲಿ ಇಬ್ಬರೂ 'ನಾನು' ಅಂದರೆ ಹೇಗೆ?

ಕೋಡಿಬಾಗದವ:
ಕಾರವಾರದಲ್ಲಿ ಕೂತು ಎರಡು ವರ್ಷದಿಂದ ಒಂದು ಕಾದಂಬರಿ ಬರೆಯುತ್ತಿದ್ದೇನೆ. ಒಂದು ಕಥೆ 1930ರದ್ದು. ಏಪ್ರಿಲ್ 13ಕ್ಕೆ ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತಲ್ಲ, ಅದನ್ನು ಹತ್ತು ವರ್ಷದ ಹುಡುಗಿ ನೋಡುತ್ತಾಳೆ. ಇನ್ನೊಂದು 1990ರ ದಶಕದ ಕೊನೆಯದು. ಸೀಬರ್ಡ್ ನೌಕಾನೆಲೆಗೆ ಅರ್ಗಾದ ಮನೆ ಬಿಡಬೇಕು. ಅವಳ ಮೊಮ್ಮಗ ಅಟ್ಟ ಖಾಲಿ ಮಾಡುವಾಗ ಹಳೇ ಜಪ್ತಿ ಕಾಗದ ಸಿಗುತ್ತದೆ. ಇಬ್ಬರೂ 'ನಾನು' ಅಂತಲೇ ಹೇಳುತ್ತಾರೆ. ತಂಗಿ ಓದಿ ಕೇಳಿದಳು: "ಬಾವಿಕಟ್ಟೆಗೆ ಹೋದೆ ಅಂದಿದ್ದು ಯಾರು, ಅಜ್ಜಿಯೋ ಮೊಮ್ಮಗನೋ?" ಅಧ್ಯಾಯದ ತಲೆಗೆ ಇಸವಿ ಹಾಕಿದ್ದೆ. ಅದನ್ನು ಅವಳು ನೋಡುವುದೇ ಇಲ್ಲವಂತೆ!

ಶಿರಸಿ ಅಕ್ಕ:
ತಂಗಿಯ ತಪ್ಪಲ್ಲ. 'ಹೋದಳು', 'ಹೋದ' ಅಂದರೆ ಯಾರು ಅಂತ ತಿಳಿಯುತ್ತದೆ. 'ಹೋದೆ'ಯಲ್ಲಿ ಗಂಡೂ ಇಲ್ಲ, ಹೆಣ್ಣೂ ಇಲ್ಲ. ಅದರ ಮೇಲೆ ನಾವು 'ನಾನು' ಅನ್ನುವುದನ್ನೂ ನುಂಗಿಬಿಡುತ್ತೇವೆ. ಹುಡುಗಿಯನ್ನು 'ಅವಳು' ಮಾಡಿ. ಆದರೆ ಕಣ್ಣು ಅವಳದ್ದೇ ಇರಲಿ. ಅಷ್ಟೆತ್ತರದ ಮಗುವಿಗೆ ಜನರ ಕಾಲು, ಒಲೆ, ಕುದಿಯುವ ನೀರು ಕಾಣುತ್ತದೆ, ಸ್ವಾತಂತ್ರ್ಯ ಚಳವಳಿ ಕಾಣುವುದಿಲ್ಲ. ಮತ್ತೆ, ಆಗ ನಮ್ಮ ಜಿಲ್ಲೆ ಮುಂಬಯಿ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1956ರಲ್ಲಿ. ಅವಳ ಮನೆಯಲ್ಲಿ ಯಾರಾದರೂ ಬೆಂಗಳೂರು ಸರಕಾರವನ್ನು ಬೈದರೆ ನಾನು ಪುಸ್ತಕ ಮುಚ್ಚಿಡುತ್ತೇನೆ.

ಗೋಕರ್ಣ ರಥಬೀದಿ:
ನಾನು ಒಪ್ಪುವುದಿಲ್ಲ. 'ಅವಳು' ಮಾಡಿದರೆ ಅಜ್ಜಿಯ ಬಾಯಿ ಕಟ್ಟಿದ ಹಾಗೆ. ಮೊದಲು ಇದನ್ನು ಹೇಳಿ: ಉಪ್ಪಿನ ಕಥೆಯನ್ನು ಅವಳು ಯಾವಾಗ ಹೇಳುತ್ತಿದ್ದಾಳೆ? ಹತ್ತನೇ ವರ್ಷದಲ್ಲೋ, ಎಪ್ಪತ್ತೆಂಟರಲ್ಲೋ? ಮಗುವಾದರೆ ಮುಂದಿನದು ಗೊತ್ತಿಲ್ಲ. ಮುದುಕಿಯಾದರೆ ಉಪ್ಪು ಕಾಯುವ ಹೊತ್ತಿಗೇ 1932ರ ಕರನಿರಾಕರಣೆ ನೆನಪಾಗುತ್ತದೆ, ಗದ್ದೆ ಹೋದದ್ದೂ ಗೊತ್ತಿರುತ್ತದೆ. ನಿಮ್ಮ ಜಪ್ತಿ ಕಾಗದ ಅದೇ ಅಲ್ವಾ?

ಕೋಡಿಬಾಗದವ:
ಹೌದು, ಅದೇ. ಅಯ್ಯೋ, ಇದನ್ನು ನಾನು ಯೋಚಿಸಿಯೇ ಇರಲಿಲ್ಲ. ನಿನ್ನೆ ರಾತ್ರಿ ಕೂತು ಮೊಮ್ಮಗನ 'ನಾನು' ಪೂರ್ತಿ ಕಿತ್ತೆ. ಎಂಬತ್ತು ಪುಟ ಹೋಯಿತು, ಹೊಟ್ಟೆ ಉರಿಯುತ್ತಿದೆ. ಈಗ ಎರಡೂ ಕಾಲ ಅಜ್ಜಿಯದ್ದೇ. ಜಗುಲಿಯಲ್ಲಿ ಕೂತು ಹೇಳುತ್ತಾಳೆ: "ಇವ ಅಟ್ಟದ ಮೇಲೆ ಏನೋ ಹುಡುಕುತ್ತಿದ್ದಾನೆ. ಕಾಗದ ಎಲ್ಲಿದೆ ಅಂತ ನನಗೆ ಗೊತ್ತು. ಕೇಳಲಿ."

ಶಿರಸಿ ಅಕ್ಕ:
ಆ 'ಇವ' ಮಾತ್ರ ತೆಗೆಯಬೇಡಿ ಮಾರಾಯ್ರೆ.